ಹಿಮದ ಮೇಲೆ ಮಸಿ ಬಿದ್ದರೆ ಏನಾಗುತ್ತದೆ? ಬಿಸಿಲೂರಿನ ಮಕ್ಕಳಿಗೆ ತೋರಿಸುವುದು ಹೇಗೆ?

ಚಿತ್ತಾಪುರ ಟೀಚರ್

ಎಲ್ಲರಿಗೂ ನಮಸ್ಕಾರ. ಚಿತ್ತಾಪುರ ತಾಲ್ಲೂಕಿನ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆಬ್ರುವರಿ 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ. ಪ್ರತಿ ವರ್ಷ ಅದೇ ಜ್ವಾಲಾಮುಖಿ, ಅದೇ ಮಳೆನೀರು ಕೊಯ್ಲು. ಈ ಸಲ ಒಂಬತ್ತನೇ ತರಗತಿಯ ಹುಡುಗಿಯರು ಬೇರೆ ಏನಾದರೂ ಮಾಡೋಣ ಎಂದು ಹಟ ಹಿಡಿದಿದ್ದಾರೆ. ಒಲೆ, ಲಾರಿ, ಇಟ್ಟಂಗಿ ಭಟ್ಟಿಯ ಹೊಗೆಯಲ್ಲಿರುವ ಮಸಿ ಹಿಮಾಲಯದ ಹಿಮದ ಮೇಲೆ ಕೂತು ಅದನ್ನು ಬೇಗ ಕರಗಿಸುತ್ತದೆ ಎಂದು ಎಲ್ಲೋ ಓದಿದ್ದಾರೆ. ಅದನ್ನೇ ಪ್ರಯೋಗ ಮಾಡಿ ತೋರಿಸಬೇಕಂತೆ.

ಇವರಲ್ಲಿ ಒಬ್ಬರೂ ಹಿಮ ನೋಡಿಲ್ಲ. ನಾನೂ ನೋಡಿಲ್ಲ. ಆಲಿಕಲ್ಲು ಬಿದ್ದಾಗ ಬುಟ್ಟಿ ಹಿಡಿದು ಓಡಿದ್ದಷ್ಟೇ ನಮಗೆ ಗೊತ್ತು. ಕಣ್ಣಿಗೂ ಕಾಣದಷ್ಟು ಮಸಿ ಅಷ್ಟು ದೊಡ್ಡ ಹಿಮರಾಶಿಗೆ ಏನು ಮಾಡೀತು ಎಂದು ಒಬ್ಬಳು ಕೇಳಿದಳು. ಕಪ್ಪು ಬಣ್ಣ ಬಿಸಿಲು ಹೀರುತ್ತದೆ ಅಂದೆ. ಅದು ಅವಳಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ತಿಳಿದವರು ಬಿಡಿಸಿ ಹೇಳಿ. ನಮ್ಮ ಶಾಲೆಯ ಸಾಮಾನಿನಲ್ಲೇ ಆಗುವ ಪ್ರಯೋಗ ಇದ್ದರೆ ಅದನ್ನೂ ತಿಳಿಸಿ.

ಫಿಸಿಕ್ಸ್ ಮಾಸ್ತರ್, ಕಲಬುರಗಿ

ಟೀಚರ್, ಆ ಹುಡುಗಿಯ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿದೆ. "ಕಪ್ಪು ಹೀರುತ್ತದೆ" ಅನ್ನುವುದು ಅರ್ಧ ಉತ್ತರ. ಉಳಿದರ್ಧ ಹಿಮದಲ್ಲೇ ಇದೆ.

ಹಿಮ ಯಾಕೆ ಬೆಳ್ಳಗೆ ಕಾಣುತ್ತದೆ ಎಂಬಲ್ಲಿಂದ ಶುರು ಮಾಡಿ. ಶುದ್ಧ ಮಂಜುಗಡ್ಡೆಗೆ ಬಣ್ಣವಿಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ಅದು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಿಮ ಅಂದರೆ ಆ ಮಂಜಿನ ಸಣ್ಣ ಸಣ್ಣ ಹರಳುಗಳ ರಾಶಿ, ನಡುವೆ ಗಾಳಿ. ಒಳಗೆ ಹೋದ ಬೆಳಕು ಒಂದು ಹರಳಿಗೆ ತಾಗಿ ದಿಕ್ಕು ಬದಲಿಸುತ್ತದೆ, ಮುಂದಿನ ಹರಳಿಗೆ ತಾಗಿ ಮತ್ತೆ ಬದಲಿಸುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಸಲ ತಿರುಗಿ ತಿರುಗಿ ಕೊನೆಗೆ ಮೇಲಕ್ಕೇ ಬಂದುಬಿಡುತ್ತದೆ. ದಾರಿಯಲ್ಲಿ ಹೀರುವವರು ಯಾರೂ ಇಲ್ಲವಲ್ಲ! ಅದಕ್ಕೇ ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡ 80ರಿಂದ 90ರಷ್ಟನ್ನು ವಾಪಸ್ ಕಳಿಸುತ್ತದೆ. ಹೀಗೆ ವಾಪಸ್ ಹೋಗುವ ಪಾಲಿಗೆ ಅಲ್ಬೆಡೊ ಎನ್ನುತ್ತಾರೆ.

ಈಗ ಆ ದಾರಿಯಲ್ಲಿ ಮಸಿ ಇಡಿ. ಬೆಳಕು ನೇರ ಬಂದು ನೇರ ಹೋಗಿದ್ದರೆ ಒಂದು ಮಸಿಯ ಕಣ ಅದಕ್ಕೆ ಎದುರಾಗುವ ಸಂಭವ ಬಹಳ ಕಡಿಮೆ. ಆದರೆ ಹಿಮದೊಳಗೆ ಬೆಳಕು ಅಷ್ಟು ದೂರ ಅಲೆಯುತ್ತದೆ. ಅಲೆಯುವಾಗ ಎಲ್ಲೋ ಒಂದು ಕಡೆ ಮಸಿ ಸಿಕ್ಕೇ ಸಿಗುತ್ತದೆ. ಸಿಕ್ಕರೆ ಆ ಬೆಳಕು ಅಲ್ಲಿಗೇ ಮುಗಿಯಿತು, ಶಾಖವಾಯಿತು. ಹಿಮವೇ ಬೆಳಕನ್ನು ಮಸಿಯ ಬಾಯಿಗೆ ಹಾಕುತ್ತದೆ ಅಂದರೂ ಸರಿ. 1980ರಲ್ಲಿ ಸ್ಟೀಫನ್ ವಾರೆನ್ ಮತ್ತು ವಾರೆನ್ ವಿಸ್ಕೋಂಬ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ತೋರಿಸಿದರು. ಈಗಲೂ ಈ ವಿಷಯ ಓದುವವರು ಅಲ್ಲಿಂದಲೇ ಹಿಡಿಯುತ್ತಾರೆ.

ಎಷ್ಟು ಮಸಿ ಸಾಕು ಗೊತ್ತೇ? ಒಂದು ಟನ್ ಹಿಮದಲ್ಲಿ ಗ್ರಾಮಿನ ಹತ್ತನೇ ಒಂದು ಭಾಗ. ಅಷ್ಟಕ್ಕೇ ಕಾಣುವ ಬೆಳಕಿನ ಅಲ್ಬೆಡೊ ಶೇಕಡ ಕೆಲವು ಪಾಯಿಂಟ್ ಇಳಿಯಬಹುದು. ಹಿಮ ಹಳೆಯದಾಗಿದ್ದರೆ ಇನ್ನೂ ಜಾಸ್ತಿ.

ಅಷ್ಟೇನಾ ಎಂದು ಮಕ್ಕಳು ಕೇಳುತ್ತಾರೆ. ಆಗ ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿ. ಅಲ್ಬೆಡೊ 85 ಇದ್ದಾಗ ಹಿಮ ಹೀರುವುದು ನೂರಕ್ಕೆ 15. ಅದು 80ಕ್ಕೆ ಇಳಿದರೆ ಹೀರುವುದು 20. ವಾಪಸ್ ಹೋಗುವ ಬೆಳಕು ನೋಡಿದರೆ ಸ್ವಲ್ಪವೇ ಕಮ್ಮಿ ಆಗಿದೆ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಆದರೆ ಹೀರುವ ಶಾಖ ಮೂರನೇ ಒಂದು ಭಾಗ ಏರಿತು. ಕರಗಿಸುವುದು ಹೀರಿದ ಶಾಖವೇ ಹೊರತು ವಾಪಸ್ ಹೋದ ಬೆಳಕಲ್ಲ. ಚದರ ಮೀಟರಿಗೆ ಸರಾಸರಿ 700 ವ್ಯಾಟ್ ಬಿಸಿಲು ಆರು ಗಂಟೆ ಬಿತ್ತು ಅನ್ನಿ. ಈ ಐದು ಪಾಯಿಂಟಿನಿಂದಲೇ 35 ವ್ಯಾಟ್ ಹೆಚ್ಚು, ಆರು ಗಂಟೆಗೆ ಸುಮಾರು 750 ಕಿಲೋಜೂಲ್. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕಿಲೋ ಮಂಜು ಕರಗಲು 334 ಕಿಲೋಜೂಲ್ ಬೇಕು. ಅಲ್ಲಿಗೆ ಒಂದೊಂದು ಚದರ ಮೀಟರಿನಲ್ಲಿ ದಿನಕ್ಕೆ ಎರಡು ಲೀಟರಿಗಿಂತ ಜಾಸ್ತಿ ನೀರು ಹೆಚ್ಚುವರಿಯಾಗಿ ಹರಿಯಿತು. ಇನ್ನು ಹಿಮ ಹೊದ್ದ ಇಡೀ ಬೆಟ್ಟಸಾಲಿಗೆ ಎಷ್ಟಾಯಿತು ಎಂದು ಮಕ್ಕಳೇ ಗುಣಿಸಲಿ.

ಬರ್ಫ್ ಫ್ಯಾಕ್ಟರಿ, ಯಾದಗಿರಿ

ಮಾಸ್ತರ್ ಹೇಳಿದ್ದನ್ನು ನಾನು ದಿನಾ ನೋಡುತ್ತೇನೆ. ನಮ್ಮದು ಬರ್ಫ್ ತಯಾರಿಸುವ ಸಣ್ಣ ಘಟಕ. ಡಬ್ಬಿಯಿಂದ ತೆಗೆದ ಗಡ್ಡೆಯ ಅಂಚು ಪಾರದರ್ಶಕ ಇರುತ್ತದೆ, ನಡುಭಾಗ ಬೆಳ್ಳಗಿರುತ್ತದೆ. ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುವಾಗ ಗಾಳಿಯ ಗುಳ್ಳೆಗಳು ನಡುವೆ ಸಿಕ್ಕಿಹಾಕಿಕೊಳ್ಳುತ್ತವೆ. ಆ ಬಿಳಿ ಅಂದರೆ ಗುಳ್ಳೆಗಳೇ. ಇನ್ನು ಅಂಚಿನ ಪಾರದರ್ಶಕ ತುಂಡನ್ನೇ ಕುಟ್ಟಿ ಪುಡಿ ಮಾಡಿ, ಅದೂ ಬೆಳ್ಳಗಾಗುತ್ತದೆ. ಏನೂ ಬೆರೆಸಿಲ್ಲ, ಆದರೂ ಬಿಳಿ.

ಟೀಚರ್, ಮಕ್ಕಳಿಗೆ ಮೊದಲು ಇದನ್ನೇ ತೋರಿಸಿ. ಬರ್ಫ್ ನಾನು ಕೊಡುತ್ತೇನೆ, ದುಡ್ಡಿನ ಮಾತು ಬೇಡ. ಗೋಲಾ ಗಾಡಿಯವರ ಹತ್ತಿರ ಇರುವ ತುರಿಯುವ ಮಷಿನ್ ಸಿಕ್ಕರೆ ಒಳ್ಳೆಯದು, ಪುಡಿ ಒಂದೇ ಸಮ ಬರುತ್ತದೆ.

ಬೀದರ್ ಫೌಜಿ

ನಾನು ಲಡಾಖ್ ಕಡೆ ಸೇವೆ ಮಾಡಿ ಬಂದವನು, ಈಗ ಬೀದರಿನಲ್ಲಿದ್ದೇನೆ. ಓದಿದ್ದಲ್ಲ, ಕಂಡದ್ದು ಹೇಳುತ್ತೇನೆ.

ಅಲ್ಲಿ ಟೆಂಟ್ ಬೆಚ್ಚಗಿಡಲು ಸೀಮೆಎಣ್ಣೆಯ ಬುಖಾರಿ ಉರಿಸುತ್ತಾರೆ. ಅದರ ಕೊಳವೆಯಿಂದ ಕಪ್ಪು ಹೊಗೆ ಹೊರಬೀಳುತ್ತದೆ. ಗಾಳಿ ಯಾವ ಕಡೆ ಬೀಸುತ್ತದೋ ಆ ಕಡೆಯ ಹಿಮ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಲು ಬಂದ ಮೇಲೆ ನೋಡಬೇಕು, ಆ ಪಟ್ಟಿ ಮಾತ್ರ ತಗ್ಗಿ ಹೋಗಿರುತ್ತದೆ, ಪಕ್ಕದ ಶುದ್ಧ ಹಿಮ ಎತ್ತರಕ್ಕೇ ನಿಂತಿರುತ್ತದೆ. ಹಿಮದ ಮೇಲೆ ಬಿದ್ದ ಎಲೆ, ಕಲ್ಲಿನ ಚೂರು, ಕಪ್ಪು ಕೇಬಲ್ ಎಲ್ಲವೂ ಹೀಗೇ ತಮ್ಮ ಸುತ್ತ ಗುಂಡಿ ಮಾಡಿಕೊಂಡು ಕೆಳಗಿಳಿಯುತ್ತವೆ.

ಝಂಸ್ಕಾರ್, ಲಾಹೌಲ್ ಕಡೆಯ ರೈತರು ಇದನ್ನು ಹಿಂದಿನಿಂದಲೂ ಬಲ್ಲರು. ಚಳಿಗಾಲಕ್ಕೆ ಮೊದಲೇ ಮಣ್ಣು ಕೂಡಿಟ್ಟುಕೊಂಡು, ವಸಂತದಲ್ಲಿ ಹೊಲದ ಹಿಮದ ಮೇಲೆ ಎರಚುತ್ತಾರೆ. ಹಿಮ ಬೇಗ ಕರಗಿ ಬಿತ್ತನೆಗೆ ಹೊಲ ಬೇಗ ಸಿಗುತ್ತದೆ. ಅಲ್ಲಿ ಬೆಳೆಗೆ ಸಿಗುವ ಕಾಲವೇ ಕಡಿಮೆ, ಒಂದು ವಾರ ಉಳಿದರೂ ದೊಡ್ಡದು. ಅವರು ತಮ್ಮ ಹೊಲಕ್ಕೆ ಬೇಕೆಂದು ಮಾಡುವುದನ್ನು ಹೊಗೆ ಯಾರನ್ನೂ ಕೇಳದೆ ಇಡೀ ಬೆಟ್ಟಕ್ಕೆ ಮಾಡುತ್ತಿದೆ.

ವಾಪಸ್ ಹೋಗುವ ಬೆಳಕು ಎಷ್ಟು ಅಂತೀರಿ, ಕಪ್ಪು ಕನ್ನಡಕ ಇಲ್ಲದೆ ಹೊರಗೆ ಓಡಾಡಿದವರಿಗೆ ಸಂಜೆ ಕಣ್ಣು ಬಿಡಲು ಆಗುವುದಿಲ್ಲ. ಮರಳು ಬಿದ್ದ ಹಾಗೆ ಉರಿ.

ಆಳಂದ ರೈತ

ಎಲ್ಲ ಸರಿ. ನನ್ನದೊಂದು ನೇರ ಪ್ರಶ್ನೆ. ಆಳಂದದ ಹೊಲದಲ್ಲಿ ನಾನು ಕಬ್ಬಿನ ರವದಿ ಸುಟ್ಟರೆ ಆ ಮಸಿ ಹಿಮಾಲಯಕ್ಕೆ ಹೋಗುತ್ತದೆಯೇ? ಏನಾದರೂ ಆದರೆ ಮೊದಲು ರೈತನ ಕಡೆಗೇ ಬೆರಳು ತೋರಿಸುತ್ತಾರೆ. ರವದಿ ತೆಗೆಸಲು ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಡಲು ಆಗುವುದಿಲ್ಲ. ತೊಗರಿ ಕಟ್ಟಿಗೆ ಆದರೆ ಮನೆಯ ಒಲೆಗೆ ಹೋಗುತ್ತದೆ, ಅದನ್ನು ಯಾರೂ ಸುಮ್ನೆ ಸುಡುವುದಿಲ್ಲ.

ಭೀಮಾ ತೀರ (ಎಂ.ಎಸ್ಸಿ. ಪರಿಸರ ವಿಜ್ಞಾನ, ಶಹಾಪುರ)

ಅಣ್ಣಾ, ನಿಮ್ಮ ಪ್ರಶ್ನೆಗೆ ನೇರ ಉತ್ತರ: ನಮ್ಮ ಕಡೆಯ ಹೊಗೆಯಲ್ಲಿ ಬಹುಪಾಲು ಅಲ್ಲಿಯವರೆಗೆ ಹೋಗುವುದಿಲ್ಲ. ಮಸಿ ಗಾಳಿಯಲ್ಲಿ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಮಳೆ ಬಂದರೆ ತೊಳೆದುಹೋಗುತ್ತದೆ. ಹಿಮಾಲಯಕ್ಕೆ ಹೆಚ್ಚಿನ ಮಸಿ ಹೋಗುವುದು ಅದರ ಬುಡದಲ್ಲೇ ಇರುವ ಗಂಗಾ ಬಯಲಿನಿಂದ. ಅಲ್ಲಿನ ಒಲೆಗಳು, ಡೀಸೆಲ್ ಗಾಡಿಗಳು, ಇಟ್ಟಂಗಿ ಭಟ್ಟಿಗಳು, ಪಂಜಾಬ್ ಹರಿಯಾಣದ ಕೂಳೆ ಸುಡುವಿಕೆ, ಬೇಸಿಗೆಯಲ್ಲಿ ಬೆಟ್ಟದ ಕಾಡಿನ ಬೆಂಕಿ. ಹಗಲು ಬಿಸಿಯಾದ ಗಾಳಿ ಕಣಿವೆಗಳಲ್ಲಿ ಮೇಲಕ್ಕೆ ಹತ್ತುವಾಗ ಈ ಹೊಗೆಯನ್ನೂ ಹೊತ್ತೊಯ್ಯುತ್ತದೆ.

ಹಿಮಾಲಯದ ಭೂವಿಜ್ಞಾನ ಅಧ್ಯಯನ ಮಾಡುವ ಡೆಹ್ರಾಡೂನಿನ ವಾಡಿಯಾ ಸಂಸ್ಥೆಯವರು ಗಂಗೋತ್ರಿ ಹಿಮನದಿಯ ಹತ್ತಿರ ಚೀರ್‌ಬಾಸಾ ಎಂಬಲ್ಲಿ, ಸುಮಾರು 3,600 ಮೀಟರ್ ಎತ್ತರದಲ್ಲಿ, ಗಾಳಿಯಲ್ಲಿರುವ ಮಸಿ ಅಳೆದಿದ್ದಾರೆ. ಅಷ್ಟು ಮೇಲೂ ಮಸಿ ಸಿಕ್ಕಿದೆ. ಮೇ ತಿಂಗಳಲ್ಲಿ ಅತಿ ಹೆಚ್ಚು, ಆಗಸ್ಟಿನಲ್ಲಿ ಅತಿ ಕಡಿಮೆ. ಮೇ ಅಂದರೆ ಹಿಮ ಕರಗಲು ಶುರುವಾಗುವ ಹೊತ್ತು. ಬರಬಾರದ ಸಮಯಕ್ಕೇ ಬರುತ್ತದೆ.

ಆದರೆ ಎಲ್ಲವನ್ನೂ ಮಸಿಯ ತಲೆಗೆ ಕಟ್ಟುವಂತಿಲ್ಲ. ಧೂಳೂ ಇದೆ. ಥಾರ್ ಮರುಭೂಮಿ, ಅರೇಬಿಯಾ ಕಡೆಯಿಂದ ಧೂಳು ಬಂದು ಹಿಮದ ಮೇಲೆ ಕೂರುತ್ತದೆ. ತೂಕಕ್ಕೆ ತೂಕ ಇಟ್ಟರೆ ಮಸಿ ಧೂಳಿಗಿಂತ ಹತ್ತಾರು ಪಟ್ಟು ಹೆಚ್ಚು ಬೆಳಕು ಹೀರುತ್ತದೆ. ಆದರೆ ಧೂಳು ಬೀಳುವ ಪ್ರಮಾಣ ತುಂಬಾ ಜಾಸ್ತಿ. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಹಿಮಾಲಯದ ಬಹಳ ಎತ್ತರದ ಭಾಗಗಳಲ್ಲಿ ಹಿಮವನ್ನು ಕಪ್ಪಾಗಿಸುವುದರಲ್ಲಿ ಧೂಳಿನದ್ದೇ ಮೇಲುಗೈ. ಪ್ರದರ್ಶನಕ್ಕೆ ಬಂದವರು ಯಾರಾದರೂ ಧೂಳಿನ ಬಗ್ಗೆ ಕೇಳಿಯೇ ಕೇಳುತ್ತಾರೆ, ಹುಡುಗಿಯರಿಗೆ ಇದು ಗೊತ್ತಿರಲಿ.

ಇನ್ನೊಂದು ಮಾತು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಎರೆ ಹೊಲ ಬಿಸಿಲಿನಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ವಾಪಸ್ ಕಳಿಸುತ್ತದೆ. ಅದರ ಮೇಲೆ ಮಸಿ ಬಿದ್ದರೆ ನೆಲದ ಲೆಕ್ಕದಲ್ಲಿ ಏನೂ ಬದಲಾಗುವುದಿಲ್ಲ, ಮೊದಲೇ ಕಪ್ಪು. ಹೊಗೆಯ ತೆಳು ಮೋಡ ಎರೆ ಹೊಲದ ಮೇಲೆ ನಿಂತರೆ ಅದು ಕೆಳಗಿನ ನೆಲಕ್ಕಿಂತ ಬೆಳ್ಳಗೇ ಇರಬಹುದು. ಅದೇ ಹೊಗೆ ಹಿಮದ ಮೇಲೆ ನಿಂತರೆ ಹಿಮಕ್ಕಿಂತ ಕಪ್ಪು. ಹಾಗಾಗಿ ಎಷ್ಟು ಹೊಗೆ ಅನ್ನುವುದರ ಜೊತೆಗೆ ಅದು ಎಲ್ಲಿ ಹೋಗಿ ಬೀಳುತ್ತದೆ ಅನ್ನುವುದನ್ನೂ ನೋಡಲೇಬೇಕು.

ಸೇಡಂ ನಿವಾಸಿ

ಹಿಮ ನೋಡದ ನಮಗೆ ಮಾಳಿಗೆಯೇ ಉದಾಹರಣೆ. ಬೇಸಿಗೆಗೆ ಮೊದಲು ಮಾಳಿಗೆಗೆ ಸುಣ್ಣ ಹೊಡೆಯುತ್ತೇವೆ, ಕೆಳಗಿನ ಕೋಣೆ ತಂಪಾಗುತ್ತದೆ. ತಿಂಗಳು ಕಳೆಯುವುದರಲ್ಲಿ ರಸ್ತೆಯ ಧೂಳು, ಗಾಡಿಗಳ ಹೊಗೆ ಕೂತು ಬೂದು ಆಗುತ್ತದೆ, ಕೋಣೆ ಮತ್ತೆ ಕಾಯುತ್ತದೆ. ಒಂದು ಕೊಡ ನೀರು ಹಾಕಿ ಪೊರಕೆಯಿಂದ ತೊಳೆದರೆ ಫರಕು ಅದೇ ದಿನ ಗೊತ್ತಾಗುತ್ತದೆ. ಹಿಮಕ್ಕೂ ಮಳೆ, ಕರಗಿದ ನೀರು ಹರಿಯುತ್ತದಲ್ಲ, ಮಸಿ ತೊಳೆದು ಹೋಗುವುದಿಲ್ಲವೇ?

ಫಿಸಿಕ್ಸ್ ಮಾಸ್ತರ್, ಕಲಬುರಗಿ

ಮಾಳಿಗೆಗೂ ಹಿಮಕ್ಕೂ ಬೇರೆಯಾಗುವುದು ಇಲ್ಲೇ. ಮಸಿಗೆ ನೀರು ಅಷ್ಟು ಸುಲಭಕ್ಕೆ ಅಂಟುವುದಿಲ್ಲ. ಹಿಮ ಕರಗಿ ನೀರು ಕೆಳಗೆ ಜಿನುಗಿದಾಗ ಸ್ವಲ್ಪ ಮಸಿ ಅದರ ಜೊತೆ ಹೋಗುತ್ತದೆ, ಬಹಳಷ್ಟು ಮೇಲೇ ಉಳಿದುಬಿಡುತ್ತದೆ. ಚಳಿಗಾಲವಿಡೀ ಪದರ ಪದರವಾಗಿ ಬಿದ್ದ ಹಿಮದಲ್ಲಿ ಎಲ್ಲ ಕಡೆ ಹಂಚಿಹೋಗಿದ್ದ ಮಸಿ, ಹಿಮ ಕರಗುತ್ತಾ ಬಂದ ಹಾಗೆ ಮೇಲ್ಮೈಯಲ್ಲೇ ಒಟ್ಟಾಗುತ್ತದೆ. ಕರಗಿದಷ್ಟೂ ಕಪ್ಪು, ಕಪ್ಪಾದಷ್ಟೂ ಕರಗುವಿಕೆ.

ಇದಕ್ಕೆ ಇನ್ನೊಂದು ಸೇರುತ್ತದೆ. ಹೊಸ ಹಿಮದ ಹರಳು ಬಹಳ ಸಣ್ಣದು, ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಬೆಚ್ಚಗಾಗಿ ಒದ್ದೆಯಾದರೆ ಹರಳುಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ, ಒಂದು ಮಿಲಿಮೀಟರ್‌ವರೆಗೂ ಬೆಳೆಯುತ್ತವೆ. ಹರಳು ದಪ್ಪವಾದರೆ ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ, ದಾರಿಯಲ್ಲಿ ಇನ್ನಷ್ಟು ಮಸಿ ಸಿಗುತ್ತದೆ. ಸೂರ್ಯನ ಬೆಳಕಿನಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣ. ಅದನ್ನು ಮಂಜು ತಾನೇ ಹೀರುತ್ತದೆ, ಹರಳು ದಪ್ಪವಾದಂತೆ ಇನ್ನೂ ಹೆಚ್ಚು ಹೀರುತ್ತದೆ. ಹೀಗೆ ಮಸಿಯ ಕೆಲಸ ಕಾಣುವ ಬೆಳಕಿನಲ್ಲಿ, ಹರಳಿನ ಕೆಲಸ ಅವಗೆಂಪಿನಲ್ಲಿ. ಒಂದು ಶುರುವಾದರೆ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಹಿಮ ಪೂರ್ತಿ ಹೋಗಿ ಕೆಳಗಿನ ಬಂಡೆ, ಮಣ್ಣು ಕಂಡರಂತೂ ಮುಗಿಯಿತು, ಬಿಸಿಲಿನ ಬಹುಪಾಲು ನೆಲಕ್ಕೇ.

ಮಕ್ಕಳಿಗೆ ಬೆಂಜಮಿನ್ ಫ್ರಾಂಕ್ಲಿನ್ ಕಥೆ ಹೇಳಿ. ಬಿಸಿಲಿರುವ ಒಂದು ಬೆಳಿಗ್ಗೆ ಆತ ದರ್ಜಿಯ ಹತ್ತಿರದ ಬೇರೆ ಬೇರೆ ಬಣ್ಣದ ಬಟ್ಟೆ ಚೂರುಗಳನ್ನು ಹಿಮದ ಮೇಲೆ ಇಟ್ಟ. ಕೆಲವು ಗಂಟೆಯಲ್ಲಿ ಕಪ್ಪು ಚೂರು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಬಿಳಿ ಚೂರು ಇಟ್ಟಲ್ಲೇ ಇತ್ತು. 1761ರ ಒಂದು ಪತ್ರದಲ್ಲಿ ಇದನ್ನು ಬರೆದಿದ್ದಾನೆ. ಯಾವ ಯಂತ್ರವೂ ಇರಲಿಲ್ಲ.

ಚಿತ್ತಾಪುರ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಯಾದಗಿರಿಯ ಅಣ್ಣ ಹೇಳಿದಂತೆ ಪಾರದರ್ಶಕ ಬರ್ಫ್ ಕುಟ್ಟಿ ತೋರಿಸಿದೆ. ಅದು ಬೆಳ್ಳಗಾದಾಗ ಇಡೀ ತರಗತಿ ಎದ್ದು ನಿಂತಿತು!

ಆದರೆ ಮುಂದಿನದ್ದು ಕೈಕೊಟ್ಟಿತು. ಎರಡು ಸ್ಟೀಲ್ ತಟ್ಟೆಯಲ್ಲಿ ಬರ್ಫ್ ಪುಡಿ ಹಾಕಿ, ಒಂದರ ಮೇಲೆ ದೀಪದ ಕಾಡಿಗೆ ಉದುರಿಸಿ ಮಧ್ಯಾಹ್ನ ಮಾಳಿಗೆಯ ಮೇಲೆ ಇಟ್ಟೆವು. ಎರಡೂ ಹೆಚ್ಚು ಕಡಿಮೆ ಒಟ್ಟಿಗೇ ನೀರಾದವು. ಹುಡುಗಿಯರ ಮುಖ ಸಣ್ಣದಾಯಿತು. ಮಸಿಯಿಂದ ಏನೂ ಆಗುವುದಿಲ್ಲ ಎಂದು ಒಬ್ಬಳು ಬರೆದುಕೊಂಡೂ ಬಿಟ್ಟಳು.

ಫಿಸಿಕ್ಸ್ ಮಾಸ್ತರ್, ಕಲಬುರಗಿ

ಅವಳು ಬರೆದದ್ದನ್ನು ಅಳಿಸಬೇಡಿ, ಅದರ ಕೆಳಗೆ "ಯಾಕೆ" ಎಂದು ಇನ್ನೊಂದು ಸಾಲು ಬರೆಸಿ.

ನಮ್ಮೂರಿನ ಫೆಬ್ರುವರಿ ಮಧ್ಯಾಹ್ನ ಅಂದರೆ 30 ಡಿಗ್ರಿ ದಾಟಿರುತ್ತದೆ. ಸೊನ್ನೆ ಡಿಗ್ರಿಯ ಬರ್ಫಿಗೆ ಆ ಗಾಳಿ ತಾಗಿದರೆ ಗಾಳಿಯೇ ಚದರ ಮೀಟರಿಗೆ ನೂರಾರು ವ್ಯಾಟ್ ಶಾಖ ಕೊಡುತ್ತದೆ. ಕಾದ ಮಾಳಿಗೆ ಸ್ಟೀಲ್ ತಟ್ಟೆಯ ಮೂಲಕ ಕೆಳಗಿನಿಂದ ಇನ್ನಷ್ಟು ಕೊಡುತ್ತದೆ. ಈ ಗದ್ದಲದಲ್ಲಿ ಮಸಿಯ ಪಾಲು ಎಲ್ಲಿ ಕಾಣಬೇಕು? ಎತ್ತರದ ಬೆಟ್ಟದಲ್ಲಿ ಗಾಳಿ ಸೊನ್ನೆಯ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ಅಲ್ಲಿ ಹಿಮ ಕರಗಿಸುವ ಮುಖ್ಯ ಶಾಖವೇ ಬಿಸಿಲು. ಅದಕ್ಕೇ ಅಲ್ಲಿ ಅಲ್ಬೆಡೊಗೆ ಅಷ್ಟು ಬೆಲೆ. ನಿಮ್ಮ ಪ್ರಯೋಗ ಸೋತಿಲ್ಲ, ಈ ದೊಡ್ಡ ವಿಷಯವನ್ನೇ ತೋರಿಸಿಕೊಟ್ಟಿದೆ. ಪ್ರದರ್ಶನದಲ್ಲಿ ಅದನ್ನೂ ಇಡಿ.

ಈಗ ಗಾಳಿಯನ್ನು ಹೊರಗಿಡೋಣ. ಎರಡು ಥರ್ಮೊಕೋಲ್ ಡಬ್ಬಿ ತಗೊಳ್ಳಿ, ಮೀನಿನವರು, ಔಷಧಿ ಅಂಗಡಿಯವರು ಕೊಡುತ್ತಾರೆ. ತಳದಲ್ಲಿ ಸಣ್ಣ ತೂತು, ಅದಕ್ಕೆ ಸಲೈನ್ ಪೈಪು, ಪೈಪಿನ ಕೆಳಗೆ ಅಳತೆ ಜಾಡಿ. ಒಳಗೆ ಜಾಲರಿ, ಅದರ ಮೇಲೆ ಎರಡೂ ಕಡೆ ಒಂದೇ ತೂಕದ ಬರ್ಫ್ ಪುಡಿ, ಒಂದು ಗೇಣು ದಪ್ಪ ಇರಲಿ. ಮೇಲೆ ಗಾಜಿನ ಹಾಳೆ ಮುಚ್ಚಿ. ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಇಡಿ, ಗಾಳಿ ತಂಪಿರುತ್ತದೆ, ಬಿಸಿಲೂ ಬಂದಿರುತ್ತದೆ. ಹತ್ತು ಹತ್ತು ನಿಮಿಷಕ್ಕೆ ಜಾಡಿಯ ನೀರು ಓದಿ ಗ್ರಾಫ್ ಎಳೆಸಿ.

ಮಸಿಯನ್ನು ಬೆರಳಿಂದ ಹಾಕಬೇಡಿ, ಉಂಡೆಯಾಗಿ ಬೀಳುತ್ತದೆ. ತೆಳು ಮಲ್ ಬಟ್ಟೆಯಲ್ಲಿ ಕಟ್ಟಿ ಮೇಲಿನಿಂದ ತಟ್ಟಿ. ನೀರಲ್ಲಿ ಕಲಸಿ ಬರ್ಫ್ ಮಾಡುತ್ತೇವೆ ಅಂದರೂ ಆಗುವುದಿಲ್ಲ, ಗಟ್ಟಿಯಾಗುವಾಗ ಕಸವೆಲ್ಲ ನಡುವಿಗೆ ತಳ್ಳಿಹೋಗುತ್ತದೆ. ಅದು ಬರ್ಫಿನ ಅಣ್ಣನಿಗೆ ಗೊತ್ತು.

ಬರ್ಫ್ ಫ್ಯಾಕ್ಟರಿ, ಯಾದಗಿರಿ

ಹೌದು ಮಾಸ್ತರ್. ನೀರಲ್ಲಿ ಏನೇ ಇದ್ದರೂ ಕೊನೆಗೆ ಗಡ್ಡೆಯ ನಡುವೆಯೇ ಸೇರುತ್ತದೆ.

ಭೀಮಾ ತೀರ

ಟೀಚರ್, ಅಲ್ಬೆಡೊ ಅಳೆಯುವುದನ್ನೂ ಸೇರಿಸಿ. ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಬೆಳಕಿನ ಸೆನ್ಸರ್ ಸಾಮಾನ್ಯವಾಗಿ ಪರದೆಯ ಮೇಲಂಚಿನಲ್ಲಿ, ಸೆಲ್ಫಿ ಕ್ಯಾಮೆರಾ ಪಕ್ಕ ಇರುತ್ತದೆ. ಗಾಜು ತೆಗೆದು, ಬರ್ಫಿನ ಮೇಲೆ ಫೋನನ್ನು ಮೊದಲು ಆಕಾಶಕ್ಕೆ ಮುಖ ಮಾಡಿ ಓದಿ, ಆಮೇಲೆ ಬರ್ಫಿಗೆ ಮುಖ ಮಾಡಿ ಓದಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಅಂದಾಜು ಅಲ್ಬೆಡೊ. ಫೋನಿನ, ಕೈಯ ನೆರಳು ಬರ್ಫಿನ ಮೇಲೆ ಬೀಳದಂತೆ ಸ್ವಲ್ಪ ಎತ್ತರ ಹಿಡಿಯಿರಿ. ಹಿಮನದಿಗಳ ಮೇಲೆ ವಿಜ್ಞಾನಿಗಳೂ ಮಾಡುವುದು ಇದನ್ನೇ, ಒಂದು ಮಾಪಕ ಮೇಲೆ ನೋಡುತ್ತದೆ, ಇನ್ನೊಂದು ಕೆಳಗೆ. ಫೋನು ಕಾಣುವ ಬೆಳಕನ್ನು ಮಾತ್ರ ಓದುತ್ತದೆ. ಮಸಿಯ ಪ್ರಭಾವ ಇರುವುದೂ ಅಲ್ಲಿಯೇ, ಹಾಗಾಗಿ ನಮ್ಮ ಕೆಲಸಕ್ಕೆ ಅದು ಸಾಕು.

ಸುಣ್ಣದ ಗೋಡೆ, ಎರೆ ಮಣ್ಣು, ಬೀದರಿನ ಕೆಂಪು ಮಣ್ಣು, ಶಹಾಬಾದಿ ಫರಸಿ, ಇವನ್ನೂ ಅಳೆಸಿ ಒಂದು ಪಟ್ಟಿ ಮಾಡಿಸಿದರೆ ಚೆನ್ನಾಗಿರುತ್ತದೆ.

ಅಫಜಲಪುರ ಅಕ್ಕ

ಮಸಿ ಎಲ್ಲಿಂದ ಬರುತ್ತದೆ ಎಂದರೆ ಎಲ್ಲರೂ ಮೊದಲು ಒಲೆ ಅನ್ನುತ್ತೀರಿ. ಒಲೆಯ ಮುಂದೆ ಕೂತವರ ಮಾತೂ ಸ್ವಲ್ಪ ಕೇಳಿ. ನಮ್ಮ ಮನೆಗೆ ಗ್ಯಾಸ್ ಬಂದಿದೆ. ಚಹಾ, ಅನ್ನ ಅದರ ಮೇಲೆ. ರೊಟ್ಟಿ, ನೀರು ಕಾಯಿಸುವುದು ತೊಗರಿ ಕಟ್ಟಿಗೆಯ ಒಲೆಯ ಮೇಲೇ. ಸಿಲಿಂಡರಿಗೆ ಕೊಡುವ ದುಡ್ಡು ಒಂದು ಕಡೆ, ಹೊಲದಿಂದ ಪುಕ್ಕಟೆ ಬರುವ ಕಟ್ಟಿಗೆ ಇನ್ನೊಂದು ಕಡೆ. ನಮ್ಮತ್ತೆ ಜೀವಮಾನವಿಡೀ ಊದುಗೊಳವೆ ಊದಿದವರು, ಈಗ ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತದೆ. ಹಿಮಾಲಯಕ್ಕೆ ಹೋಗುವ ಮೊದಲು ಆ ಮಸಿ ನಮ್ಮ ಎದೆಯಲ್ಲೇ ಕೂತಿದೆ. ಇದನ್ನು ಬರೆಯದೆ ಮಕ್ಕಳ ಚಾರ್ಟ್ ಪೂರ್ತಿ ಆಗುವುದಿಲ್ಲ.

ಆಳಂದ ರೈತ

ಅಕ್ಕ ಹೇಳಿದ್ದು ಖರೆ. ಒಲೆ ಉರಿಸುವವರು, ರವದಿ ಸುಡುವವರು ಬೇರೆ ದಾರಿ ಇಲ್ಲದೆ ಮಾಡುತ್ತಾರೆ. ರೋಡಿನಲ್ಲಿ ಕಪ್ಪು ಹೊಗೆ ಉಗುಳುವ ಲಾರಿಗೆ ಅಂಥ ಯಾವ ಬಡತನವೂ ಇಲ್ಲ.

ಭೀಮಾ ತೀರ

ಅಕ್ಕಾ, ನೀವು ಬರೆದದ್ದು ಈ ಚರ್ಚೆಯಲ್ಲಿ ಬರಲೇಬೇಕಿತ್ತು. ಈ ವಿಷಯದಲ್ಲಿ ಹೆಸರು ಮಾಡಿದ ವೀರಭದ್ರನ್ ರಾಮನಾಥನ್ ಅವರೂ ಒಲೆಯ ಹತ್ತಿರವೇ ಬಂದರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು, ಆಮೇಲೆ ಅಮೆರಿಕದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ನಮ್ಮ ಉಪಖಂಡದ ಹೊಗೆಯ ಕಂದು ಮೋಡ ಎಷ್ಟು ದೂರ ಹಬ್ಬಿದೆ ಎಂಬುದು ಸ್ಪಷ್ಟವಾಯಿತು. ಅದಾದ ಮೇಲೆ ಅವರು ಪ್ರಾಜೆಕ್ಟ್ ಸೂರ್ಯ ಎಂಬ ಹೆಸರಿನಲ್ಲಿ ಹಳ್ಳಿ ಮನೆಗಳಿಗೆ ಹೊಗೆ ಕಡಿಮೆ ಮಾಡುವ ಒಲೆ ತಲುಪಿಸುವ ಕೆಲಸಕ್ಕೆ ಕೈಹಾಕಿದರು.

ಲಾರಿಯ ಮಾತಿಗೆ ಬಂದರೆ, 2020ರ ಏಪ್ರಿಲ್ 1ರಿಂದ ಮಾರುವ ಹೊಸ ಗಾಡಿಗಳಿಗೆ ದೇಶದ ಎಲ್ಲ ಕಡೆ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಇದೆ. ಹೊಸ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದಿದೆ. ಹಳೆ ಲಾರಿಗಳು ಮಾತ್ರ ಇನ್ನೂ ಓಡುತ್ತಿವೆ. ಗ್ಯಾಸಿಗೆ 2016ರಲ್ಲಿ ಉಜ್ವಲಾ ಯೋಜನೆ ಬಂತು. ಅಕ್ಕ ಹೇಳಿದ ಹಾಗೆ, ಮೊದಲ ಸಿಲಿಂಡರ್ ಕೊಟ್ಟರೆ ಸಾಲದು, ಮುಂದಿನದ್ದೂ ಕೈಗೆಟುಕಬೇಕು.

ಇದರಲ್ಲಿ ನನಗೆ ಭರವಸೆ ಕೊಡುವ ಒಂದು ವಿಷಯ ಇದೆ. ಇಂಗಾಲದ ಡೈಆಕ್ಸೈಡ್ ಒಮ್ಮೆ ಮೇಲೆ ಹೋದರೆ ಅದರಲ್ಲಿ ದೊಡ್ಡ ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಮಸಿ ಹಾಗಲ್ಲ. ಇವತ್ತು ಹೊಗೆ ನಿಂತರೆ ಕೆಲವೇ ವಾರದಲ್ಲಿ ಗಾಳಿ ತಿಳಿಯಾಗುತ್ತದೆ. ಹಾಗೆಂದು ಮಸಿ ಒಂದನ್ನೇ ನಿಲ್ಲಿಸಿದರೆ ಹಿಮಾಲಯ ಉಳಿಯಿತು ಎಂದು ಯಾರೂ ಚಾರ್ಟಿನಲ್ಲಿ ಬರೆಯಬೇಡಿ. ಭೂಮಿ ಬಿಸಿಯಾಗುತ್ತಿರುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡಿನಿಂದ. ಮಸಿ ಅದರ ಜೊತೆಗೆ ಸೇರಿದ ಇನ್ನೊಂದು ಹೊರೆ.

ಸೇಡಂ ನಿವಾಸಿ

ನಮ್ಮ ಭೀಮಾ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ, ಪೂರ್ತಿ ಮಳೆಯ ನೀರು. ಹಿಮ ಕರಗಿದರೆ ನಮ್ಮ ತೊಗರಿಗೆ ಏನು ಸಂಬಂಧ ಎಂದು ಊರವರು ಕೇಳುತ್ತಾರೆ. ಏನು ಹೇಳಬೇಕು?

ಫಿಸಿಕ್ಸ್ ಮಾಸ್ತರ್, ಕಲಬುರಗಿ

ಈ ಪ್ರಶ್ನೆಗೆ 140 ವರ್ಷದ ಇತಿಹಾಸ ಇದೆ. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್. ಚಳಿಗಾಲ, ವಸಂತದಲ್ಲಿ ಹಿಮಾಲಯದ ಮೇಲೆ ಹಿಮ ಜಾಸ್ತಿ ಇದ್ದ ವರ್ಷ ಮುಂಗಾರು ದುರ್ಬಲವಾಗುತ್ತದೆ ಎಂದು ಆತ 1884ರಲ್ಲಿ ಬರೆದ. ಹಿಮ ಬಿಸಿಲನ್ನು ವಾಪಸ್ ಕಳಿಸಿದರೆ ಭೂಭಾಗ ತಡವಾಗಿ ಕಾಯುತ್ತದೆ. ಭೂಮಿ, ಸಮುದ್ರದ ನಡುವಿನ ಬಿಸಿಯ ವ್ಯತ್ಯಾಸವೇ ಮುಂಗಾರನ್ನು ಒಳಕ್ಕೆ ಎಳೆಯುವುದು. 1886ರಲ್ಲಿ ಇಲಾಖೆ ಹೊರಡಿಸಿದ ಮೊದಲ ಮುಂಗಾರು ಮುನ್ಸೂಚನೆ ಈ ಹಿಮದ ಲೆಕ್ಕದ ಮೇಲೆಯೇ ನಿಂತಿತ್ತು. ಈ ನಂಟು ಎಲ್ಲ ವರ್ಷವೂ ಒಂದೇ ಸಮ ಇಲ್ಲ ಎಂಬುದು ಆಮೇಲೆ ಕಂಡುಬಂತು. ಇವತ್ತಿನ ಮುನ್ಸೂಚನೆಗೆ ಸಮುದ್ರದ ಬಿಸಿ, ಎಲ್ ನಿನೊ (ಕೆಲವು ವರ್ಷ ಪೆಸಿಫಿಕ್ ಸಾಗರದ ನೀರು ಹೆಚ್ಚು ಬಿಸಿಯಾಗುವುದು) ಹೀಗೆ ಎಷ್ಟೋ ಸಂಗತಿ ಸೇರಿಸುತ್ತಾರೆ.

ಮಸಿ ಬಿದ್ದು ಹಿಮ ಕರಗಿದರೆ ಮಳೆ ಜಾಸ್ತಿ ಆಗುತ್ತದೆ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಅದೇ ಮಸಿ ಗಾಳಿಯಲ್ಲಿದ್ದಾಗ ನೆಲಕ್ಕೆ ಬರುವ ಬಿಸಿಲನ್ನು ತಡೆಯುತ್ತದೆ, ಗಾಳಿಯನ್ನೇ ಕಾಯಿಸುತ್ತದೆ, ಮುಂಗಾರಿನ ಮೇಲೆ ಅದರ ಪರಿಣಾಮ ಬೇರೆಯೇ ದಿಕ್ಕಿಗೆ ಹೋಗಬಹುದು. ಊರವರಿಗೆ ಇಷ್ಟು ಹೇಳಿ: ಅಲ್ಲಿನ ಹಿಮದ ಬಿಳಿಗೂ ಇಲ್ಲಿನ ಮಳೆಗೂ ಸಂಬಂಧ ಇದೆ ಎಂದು ಮೊದಲಿನಿಂದಲೂ ಹುಡುಕುತ್ತಿದ್ದಾರೆ. ತೊಗರಿ ಬೆಳೆಯುವವರು ಅದನ್ನು ತಿಳಿದಿರಬೇಕು.

ಚಿತ್ತಾಪುರ ಟೀಚರ್

ಗಾಜು ಮುಚ್ಚಿದ ಥರ್ಮೊಕೋಲ್ ಡಬ್ಬಿ ಕೆಲಸ ಮಾಡಿತು! ಮಸಿ ಇರುವ ಡಬ್ಬಿಯ ಜಾಡಿ ಬೇಗ ಬೇಗ ತುಂಬಿತು, ಗ್ರಾಫಿನ ಎರಡು ಗೆರೆ ಸ್ಪಷ್ಟವಾಗಿ ದೂರ ಹೋದವು. ಬಯಲಿನಲ್ಲಿ ಇಟ್ಟ ಸ್ಟೀಲ್ ತಟ್ಟೆಗಳನ್ನೂ ಪಕ್ಕದಲ್ಲೇ ಇಡುತ್ತೇವೆ. ಎರಡೂ ಯಾಕೆ ಬೇರೆ ಎಂದು ವಿವರಿಸುವ ಕೆಲಸವನ್ನು "ಮಸಿಯಿಂದ ಏನೂ ಆಗುವುದಿಲ್ಲ" ಎಂದು ಬರೆದ ಹುಡುಗಿಯೇ ಕೇಳಿ ಪಡೆದಿದ್ದಾಳೆ. ಅಫಜಲಪುರ ಅಕ್ಕನ ಮಾತಿಗೆ ಒಂದು ಚಾರ್ಟ್ ಪೂರ್ತಿ ಬಿಟ್ಟಿದ್ದೇವೆ.

ಉಳಿದದ್ದು ಒಂದೇ ಪ್ರಶ್ನೆ. ಮಸಿ ಬೀಳುವುದು ನಿಂತರೆ ಹಿಮ ಮತ್ತೆ ಬೆಳ್ಳಗಾಗುತ್ತದೆಯೇ?

ಭೀಮಾ ತೀರ

ಎಲ್ಲಿ ಎಂಬುದರ ಮೇಲೆ ಹೋಗುತ್ತದೆ ಟೀಚರ್. ಬಹಳ ಎತ್ತರದಲ್ಲಿ ಪ್ರತಿ ವರ್ಷ ಕರಗುವುದಕ್ಕಿಂತ ಬೀಳುವ ಹಿಮ ಜಾಸ್ತಿ. ಅಲ್ಲಿ ಹೊಸ ಹಿಮ ಹಳೆ ಮಸಿಯನ್ನು ಮುಚ್ಚಿಬಿಡುತ್ತದೆ, ಮೇಲ್ಮೈ ಆ ವರ್ಷವೇ ಬೆಳ್ಳಗಾಗುತ್ತದೆ. ಮುಚ್ಚಿಹೋದ ಮಸಿ ಪದರದಲ್ಲಿ ಹಾಗೇ ಉಳಿಯುತ್ತದೆ. ಟಿಬೆಟ್ ಕಡೆಯ ಹಿಮನದಿಗಳನ್ನು ಕೊರೆದು ತೆಗೆದ ಮಂಜಿನ ಕಂಬಗಳಲ್ಲಿ ಯಾವ ದಶಕದಲ್ಲಿ ಎಷ್ಟು ಮಸಿ ಬಿತ್ತು ಎಂದು 2009ರಲ್ಲಿ ಚೀನಾದ ವಿಜ್ಞಾನಿಗಳ ತಂಡ ಓದಿ ಹೇಳಿದೆ. ಕೆಳಗಿನ ಭಾಗದಲ್ಲಿ, ಅಂದರೆ ಹಿಮನದಿಯ ಮೂತಿಯ ಕಡೆ, ಕರಗುವುದೇ ಜಾಸ್ತಿ. ಅಲ್ಲಿ ಹಳೆ ಪದರದ ಮಸಿ, ಧೂಳು, ಕಲ್ಲುಪುಡಿ ಎಲ್ಲ ಮೇಲೆ ಬಂದು ಕೂರುತ್ತವೆ. ಹೊಗೆ ನಿಂತರೂ ಆ ಭಾಗ ಬೇಗ ಬೆಳ್ಳಗಾಗುವುದಿಲ್ಲ. ಚಳಿಗಾಲದಲ್ಲಿ ಬಿದ್ದು ಬೇಸಿಗೆಗೆ ಪೂರ್ತಿ ಕರಗಿಹೋಗುವ ಹಿಮ ಇದೆಯಲ್ಲ, ಅದಕ್ಕೆ ಲಾಭ ಮುಂದಿನ ವರ್ಷದಿಂದಲೇ ಸಿಗುತ್ತದೆ.

ಹುಡುಗಿಯರು ಇದನ್ನೂ ತೋರಿಸಬಹುದು. ಮಸಿ ಹಾಕಿದ ಡಬ್ಬಿಯ ಮೇಲೆ ಎರಡು ಬೆರಳು ದಪ್ಪ ಹೊಸ ಬರ್ಫ್ ಪುಡಿ ಹರಡಿ ಮತ್ತೆ ಫೋನಿನಿಂದ ಅಳೆಯಲಿ. ಆಮೇಲೆ ಆ ಪದರ ಕರಗುತ್ತಾ ಹೋದಂತೆ ಅಳತೆ ಹೇಗೆ ಇಳಿಯುತ್ತದೆ ಎಂದು ಬರೆದುಕೊಳ್ಳಲಿ.

ಬರ್ಫ್ ಫ್ಯಾಕ್ಟರಿ, ಯಾದಗಿರಿ

ಹಾಗಾದರೆ ಬರ್ಫ್ ಜಾಸ್ತಿ ಬೇಕು. 28ರ ಬೆಳಿಗ್ಗೆ ಆರಕ್ಕೆ ಗಡ್ಡೆ ತೆಗೆದು ಗೋಣಿಚೀಲದಲ್ಲಿ ಹೊಟ್ಟು ಹಾಕಿ ಕಟ್ಟಿ ಕಳಿಸುತ್ತೇನೆ. ಟೀಚರ್, ಸ್ಟೇಷನ್ ಹತ್ತಿರ ಯಾರನ್ನಾದರೂ ನಿಲ್ಲಿಸಿ.

ಬೀದರ್ ಫೌಜಿ

ನಾನೂ ಬರುತ್ತೇನೆ. ಲಡಾಖಿನ ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ತರುತ್ತೇನೆ, ಬುಖಾರಿಯ ಹೊಗೆ ಬಿದ್ದ ಹಿಮದ ಪಟ್ಟಿ ಅದರಲ್ಲಿ ಕಾಣುತ್ತದೆ.